ಸಹಾಯ ಬೇಕು: ಹಳೇ ಅಂಬಾಸಿಡರ್‌ಗೆ ಎಲೆಕ್ಟ್ರಿಕ್ ಫ್ಯಾನ್

ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ ಅಂಬಾಸಿಡರ್ ಇದೆ, 1489 ಸಿಸಿ ಪೆಟ್ರೋಲ್ ಎಂಜಿನ್. ಹೈವೇಯಲ್ಲಿ ಏನೂ ತಕರಾರಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತರೆ ಮಾತ್ರ ಟೆಂಪರೇಚರ್ ಮುಳ್ಳು ಏರುತ್ತಲೇ ಹೋಗುತ್ತೆ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದರೆ ಇಳಿಯುತ್ತೆ. ರೇಡಿಯೇಟರ್ ಬಿಚ್ಚಿಸಿ, ಒಳಗಿನ ಕೊಳವೆಗಳಿಗೆ ರಾಡ್ ಹೊಡೆಸಿ ಕ್ಲೀನ್ ಮಾಡಿಸಿದ್ದಾಯ್ತು. ಥರ್ಮೋಸ್ಟಾಟ್, ಹೋಸ್, ಬೆಲ್ಟ್ ಎಲ್ಲ ಹೊಸದು. ಫ್ಯಾನ್ ವಾಟರ್ ಪಂಪ್ ಮೇಲೇ ಕೂತು ಬೆಲ್ಟ್‌ನಿಂದ ತಿರುಗೋದ್ರಿಂದ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ನಿಧಾನಕ್ಕೆ ಓಡುವಾಗ) ಗಾಳಿ ಸಾಲ್ತಿಲ್ಲ ಅಂತ ನನ್ನ ಲೆಕ್ಕ.

ಅದನ್ನ ತೆಗೆದು ಮಾರುತಿ 800ರ ಎಲೆಕ್ಟ್ರಿಕ್ ಫ್ಯಾನ್ ಕೂರಿಸೋಣ ಅಂತಿದ್ದೀನಿ. ಈ ಕೆಲಸ ಮಾಡಿಸಿದವರು ದಯವಿಟ್ಟು ಹೇಳಿ: ಈ ರೇಡಿಯೇಟರ್ ಅಗಲಕ್ಕೆ ಆ ಒಂದೇ ಫ್ಯಾನ್ ಸಾಕಾ? ಎಂಜಿನ್ ಕಡೆಯಿಂದ ಎಳೆಯೋ ಹಾಗೆ ಹಾಕೋಕೆ ಪಂಪ್ ಪುಲ್ಲಿ ಅಡ್ಡ ಬರುತ್ತಾ, ಅಥವಾ ಗ್ರಿಲ್ ಕಡೆಯಿಂದ ತಳ್ಳೋ ಹಾಗೆ ಹಾಕಿದ್ರಾ? ರಿಲೇ, ಫ್ಯೂಸ್ ಹಾಕಿಸ್ತೀನಿ, ಆದರೆ ಬಿಸಿ ಏರಿದಾಗ ಫ್ಯಾನ್ ಆನ್ ಮಾಡೋ ಥರ್ಮೋ ಸ್ವಿಚ್ ಎಲ್ಲಿ ಕೂರಿಸಿದ್ರಿ?

ದೊಡ್ಡ ಚಿಂತೆ ಕರೆಂಟ್‌ದು. ಗಾಡಿಯಲ್ಲಿ ಇನ್ನೂ ಡೈನಮೋ ಇದೆ, ಐಡಲ್‌ನಲ್ಲಿ ಅದು ಚಾರ್ಜ್ ಮಾಡೋದೇ ಕಷ್ಟ. ರಾತ್ರಿ ಹೆಡ್‌ಲೈಟ್ ಜೊತೆ ಫ್ಯಾನೂ ತಿರುಗಿದರೆ ಬ್ಯಾಟರಿ ಗತಿ? ಮೊದಲು ಡೈನಮೋ ಬದಲು ಆಲ್ಟರ್ನೇಟರ್ ಹಾಕಿಸಲೇಬೇಕಾ? ಯಾವ ಗಾಡಿಯದು ಹೊಂದುತ್ತೆ?

ಬೆಂಗಳೂರಲ್ಲಿ ಹಳೇ ಗಾಡಿ ಬಲ್ಲ ಎಲೆಕ್ಟ್ರಿಷಿಯನ್ ಗೊತ್ತಿದ್ದರೆ ಮೆಸೇಜ್ ಮಾಡಿ. ಫೋಟೋ ಇದ್ದರೆ ಬಹಳ ಉಪಕಾರ.