ಆರ್ಕಿಟೆಕ್ಟ್ಸ್‌ನ ‘ಹೋಲಿ ಹೆಲ್’ ಕೇಳಾಕ ಎಲ್ಲಿಂದ ಶುರು ಮಾಡ್ಲಿ?

ಸಪ್ತಾಪುರದಾಕಿ:
ನಮಸ್ಕಾರ್ರೀ. ನಾನು ಧಾರವಾಡದಾಗ ಖ್ಯಾಲ್ ಕಲಿಯಾಕತ್ತೇನಿ. ನನ್ನ ತಮ್ಮ ಸೆಕೆಂಡ್ ಪಿಯುಸಿ. ದಿನಾ ರಾತ್ರಿ ಆರ್ಕಿಟೆಕ್ಟ್ಸ್ ಅನ್ನೋ ಮೆಟಲ್ ಬ್ಯಾಂಡಿನ ‘ಹೋಲಿ ಹೆಲ್’ ಆಲ್ಬಂ ಹಚ್ಚತಾನ. ಅಪ್ಪಾಗ ಸಿಟ್ಟು, ಅವ್ವಗ ಚಿಂತಿ. ಕಡೀ ಹಾಡು ಕೇಳಿದಾಗ ನನಗ ಇದರಾಗ ಏನೋ ಅದ ಅನಿಸ್ತು, ಆದ್ರ ಆ ಒದರಾಟದಾಗ ಒಂದು ಶಬ್ದನೂ ಹತ್ತವಲ್ದು. ಅವನ್ನ ಕೇಳಿದ್ರ ‘ನಿಂಗ ತಿಳಿಯಂಗಿಲ್ಲ ಬಿಡಕ್ಕಾ’ ಅಂತಾನ. ಇದನ್ನ ಹೆಂಗ ಕೇಳಬೇಕ್ರೀ? ಅವನೂ ಹಂಗ ಒದರಾಕ ನೋಡ್ತಾನ, ಮುಂಜಾನೆ ಗಂಟಲ ಕಟ್ಟಿರ್ತದ. ದನಿ ಹಾಳಾಗ್ತದೇನು?

ವಿದ್ಯಾನಗರ ಡಬಲ್‌ಪೆಡಲ್:
ಅಕ್ಕಾರ, ನಾನು ಹುಬ್ಬಳ್ಳ್ಯಾಗ ಡ್ರಮ್ಸ್ ಬಾರಿಸ್ತೇನ್ರೀ. ಈ ಆಲ್ಬಂ ನನಗ ಭಾಳ ಹತ್ತಿರದ್ದು, ಅದಕ್ಕ ಸ್ವಲ್ಪ ಉದ್ದ ಬರೀತೇನಿ.

ಇವರು ಇಂಗ್ಲೆಂಡಿನ ಬ್ರೈಟನ್‌ನವರು. ಗಿಟಾರಿನ ಟಾಮ್ ಸರ್ಲ್, ಡ್ರಮ್ಸಿನ ಡ್ಯಾನ್ ಸರ್ಲ್ ಅವಳಿ ಅಣ್ಣತಮ್ಮರು. ಹಾಡು ಕಟ್ಟೋದರಾಗ ಟಾಮ್‌ನ ಕೈನ ಮುಖ್ಯ. ಚರ್ಮದ ಕ್ಯಾನ್ಸರ್ ಆಗಿ 2016ರ ಆಗಸ್ಟ್‌ನಾಗ ಹೋದ, 28 ವಯಸ್ಸು. ಆಮ್ಯಾಲೆ ಉಳಿದವರು ಕೂಡಿ ಮಾಡಿದ್ದು ‘ಹೋಲಿ ಹೆಲ್’, 2018ರ ನವೆಂಬರ್‌ನಾಗ ಬಂತು. ಸಾಹಿತ್ಯ ಡ್ಯಾನ್‌ನದು. ಅಂದ್ರ ಹಾಡುಗಾರ ಸ್ಯಾಮ್ ಕಾರ್ಟರ್ ಅಷ್ಟು ಒದರ್ತಾನಲ್ಲ, ಅದು ತನ್ನ ಅವಳಿಯನ್ನ ಕಳಕೊಂಡು ಹಿಂದ ಕುಂತು ಡ್ರಮ್ಸ್ ಬಾರಿಸೋ ಡ್ಯಾನ್‌ನ ಮಾತು. ಇದು ಗೊತ್ತಾದ ಮ್ಯಾಲೆ ನನಗ ಆ ಆಲ್ಬಂ ಬ್ಯಾರೆನ ಕೇಳಿಸಾಕ ಹತ್ತಿತು.

ಮದಲು ‘ಡೂಮ್ಸ್‌ಡೇ’ ಹಚ್ರಿ. ಟಾಮ್ ಅರ್ಧಕ್ಕ ಬಿಟ್ಟು ಹೋಗಿದ್ದ ಹಾಡದು. ಡ್ಯಾನ್ ಮತ್ತ ಆಗ ಹೊಸದಾಗಿ ಸೇರಿದ್ದ ಗಿಟಾರಿನವ ಜಾಶ್ ಮಿಡಲ್ಟನ್ ಕೂಡಿ ಮುಗಿಸಿದ್ರು, ಆಲ್ಬಂಗಿಂತ ಒಂದು ವರ್ಷ ಮದಲ, 2017ರಾಗ ಹೊರಗ ಬಂತು. ಸಾಹಿತ್ಯ ಮೊಬೈಲ್‌ನಾಗ ತಗದು ಇಟ್ಟುಕೊಂಡ ಕೇಳ್ರಿ. ಅದಕ್ಕೇನೂ ನಾಚಿಕಿ ಬ್ಯಾಡ, ನಾವೂ ಎಲ್ಲಾರೂ ಹಂಗ ಕಲತವರು. ಎರಡನೇ ಸಲಕ್ಕ ಮಾತು ಬಿಟ್ಟು ಲಯ ಹಿಡೀರಿ. ಬ್ರೇಕ್‌ಡೌನ್ ಅಂದ್ರ ಹಾಡಿನ ನಡುವ ಬರೋ ಭಾರಾದ ಭಾಗ ಬಂದಾಗ ನಡಿಗಿ ಒಮ್ಮೆಲೆ ಅರ್ಧಕ್ಕ ಇಳೀತದ, ಗಿಟಾರು ಮತ್ತ ಕಿಕ್ ಡ್ರಮ್ ಒಂದ ಪೆಟ್ಟಿಗೆ ಬೀಳ್ತಾವ, ನಡುವಿನ ಖಾಲಿ ಜಾಗಾನೂ ಎಣಿಸಿ ಇಟ್ಟದ್ದ. ದುಗುನ್‌ನಿಂದ (ಇಮ್ಮಡಿ ವೇಗ) ಠಾಯಕ್ಕ (ಮೂಲ ವೇಗ) ಇಳಿಯೋದನ್ನ ಕೇಳಿದ ಕಿವಿಗೆ ಇದು ಲಗೂನ ಸಿಗ್ತದ. ಕಡೀ ಹಾಡು ‘ಎ ವೇಸ್ಟೆಡ್ ಹಿಮ್’ ನಿಮಗ ತಾನಾಗೇ ಹತ್ತೇದ ಅಂದ್ರ ನಿಮ್ಮ ಕಿವಿ ಬರೋಬ್ಬರಿ ಅದ.

ಗಂಟಲದ್ದು ಹೇಳಬೇಕಂದ್ರ, ಕಲತು ಮಾಡವ್ರು ನಿಜವಾದ ಸ್ವರತಂತುವಿನ ಮ್ಯಾಲಿರೋ ಮಡಿಕಿನ ಹೆಚ್ಚು ಅದರಸ್ತಾರ. ಉಸಿರು ಹೊಟ್ಟೀಲಿಂದ ಬರ್ತದ, ದನಿ ನಾವು ಅನಕೊಂಡಷ್ಟು ಜೋರ ಇರಂಗಿಲ್ಲ, ದೊಡ್ಡದು ಮಾಡೋದು ಮೈಕು. ಮುಂಜಾನೆ ಗಂಟಲ ಕಟ್ಟತದ ಅಂದ್ರ ನಿಮ್ಮ ತಮ್ಮ ಬರೇ ಗಂಟಲಿಂದ ತಿಕ್ಕಾಕತ್ಯಾನ. ಸದ್ಯ ನಿಲ್ಲಸ್ರಿ, ನೀರು ಕುಡಿಯಾಕ ಹೇಳ್ರಿ. ಎರಡು ವಾರ ಕಳದ್ರೂ ದನಿ ತಿಳಿ ಆಗಲಿಲ್ಲಂದ್ರ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಸ್ಲೇಬೇಕು.

ಗದಗಿನ ಏಳು ತಂತಿ:
ಎಲ್ಲಾ ಖರೆ, ಆದ್ರ ಶುರು ಮಾಡೋದು ‘ಹೋಲಿ ಹೆಲ್’ನಿಂದ ಅಲ್ರೀ. ಅದರ ಹಿಂದಿನ ‘ಆಲ್ ಅವರ್ ಗಾಡ್ಸ್ ಹ್ಯಾವ್ ಅಬ್ಯಾಂಡನ್ಡ್ ಅಸ್’ ಮದಲು ಕೇಳ್ರಿ. 2016ರ ಮೇ ತಿಂಗಳದಾಗ ಬಂತು, ಮೂರು ತಿಂಗಳ ಒಳಗ ಟಾಮ್ ಇಲ್ಲ. ಸಾಯೋದು ಕಣ್ಣ ಮುಂದ ಇಟಗೊಂಡವ ಬಾರಿಸಿದ ರಿಫ್ (ಗಿಟಾರಿನಾಗ ಮತ್ತ ಮತ್ತ ಬರೋ ತುಣುಕು) ಅವು. ಒಂದೊಂದೂ ಕಡದು ಇಟ್ಟಂಗ ಇದಾವ. ‘ಹೋಲಿ ಹೆಲ್’ನಾಗ ವಯೊಲಿನ್‌ನಂಥ ತಂತಿವಾದ್ಯ, ಎಲೆಕ್ಟ್ರಾನಿಕ್ ಜಾಸ್ತಿ ತುಂಬ್ಯಾರ, ಗಿಟಾರಿನ ಹರಿತ ಸ್ವಲ್ಪ ಕಮ್ಮಿ ಆತು ಅನಸ್ತದ ನನಗ.

ವಿದ್ಯಾನಗರ ಡಬಲ್‌ಪೆಡಲ್:
ರಿಫ್ ವಿಚಾರದಾಗ ಒಪ್ಪತೇನಿ. ಆದ್ರ ಆ ತಂತಿವಾದ್ಯ ತುಂಬಿಸಾಕ ಹಾಕಿದ್ದಲ್ಲೋ ಮಾರಾಯಾ. ‘ಡೆತ್ ಈಸ್ ನಾಟ್ ಡಿಫೀಟ್’ನ ಶುರುವಾತು ಕತ್ತಲ್ಯಾಗ ಹೆಡ್‌ಫೋನ್ ಹಾಕ್ಕೊಂಡು ಕೇಳು. ಅಕ್ಕಾರಿಗೆ ಆ ದಾರಿ ಹಗುರ ಆಗ್ತದ.

ಸಪ್ತಾಪುರದಾಕಿ:
ಇಬ್ಬರಿಗೂ ಭಾಳ ಉಪಕಾರ್ರೀ. ಸಾಹಿತ್ಯ ಓದಕೋತ ‘ಡೂಮ್ಸ್‌ಡೇ’ ಕೇಳಿದೆ. ಅವಳಿ ಅಣ್ಣತಮ್ಮರದು ತಮ್ಮಗೂ ಗೊತ್ತಿತ್ತಂತ, ‘ನಿಂಗ ಯಾರು ಹೇಳಿದ್ರು?’ ಅಂತ ಒಂದ ಸವನ ಕೇಳಾಕತ್ತಾನ. ಒದರೋದು ಸದ್ಯ ಬಂದ್ ಮಾಡಸೇನಿ, ನನ್ನ ಜೋಡಿ ಮುಂಜಾನೆ ಷಡ್ಜ ಹಿಡಿಯಾಕ ಕುಂಡ್ರಸ್ತೇನಿ. ಹುಬ್ಬಳ್ಳ್ಯಾಗ ಈ ಒದರೋದನ್ನ ನೆಟ್ಟಗ ಕಲಿಸವ್ರು ಯಾರರ ಇದ್ರ ತಿಳಸ್ರೀ.