ಕೊಟ್ಟಿಗೆ ನೆಲದ ವಾಟ: ಮೊದಲು ಮಣ್ಣಿಗೆ ಕೊಡಿ, ಆಮೇಲೆ ಕಾಂಕ್ರೀಟಿಗೆ

ಪ್ರಶ್ನೆ (ಮಾದಾಪುರದಿಂದ)

ನಮಸ್ಕಾರ ಅಣ್ಣ. ಆರು ಹಸುಗಳಿಗೆ ಹೊಸ ಕೊಟ್ಟಿಗೆ ಕಟ್ಟಿಸುತ್ತಿದ್ದೇವೆ. ಒಳಗಡೆ 24 ಅಡಿ ಉದ್ದ, 12 ಅಡಿ ಅಗಲ. ಗೋಡೆ ಎದ್ದಿದೆ, ಶೀಟು ಹಾಕಿ ಆಗಿದೆ, ನೆಲ ಒಂದು ಬಾಕಿ. ಹಳೇ ಕೊಟ್ಟಿಗೆಯಲ್ಲಿ ಮಳೆಗಾಲ ಪೂರ್ತಿ ಗಂಜಲ ನಿಂತು ಎರಡು ಹಸುಗಳ ಗೊರಸು ಕೊಳೆತು ತುಂಬಾ ಒದ್ದಾಡಿದೆವು. ಅದಕ್ಕೇ ಈ ಸಲ ವಾಟ, ಅಂದರೆ ನೆಲದ ಇಳಿಜಾರು, ಜಾಸ್ತಿ ಇರಲಿ ಅಂತ ನನ್ನ ಆಸೆ. ಹಸು ನಿಲ್ಲುವ ಐದೂವರೆ ಅಡಿಗೆ ನಾಲ್ಕು ಇಂಚು ಇಳಿಸೋಣ ಎನ್ನುತ್ತಾರೆ ಮೇಸ್ತ್ರಿ. ಕೆಳಗೆ ಮಣ್ಣು ಸಮತಟ್ಟಾಗಿಯೇ ಇರಲಿ, ಕಾಂಕ್ರೀಟನ್ನೇ ಗೋದಲಿ ಕಡೆ ದಪ್ಪ, ಹಿಂದೆ ತೆಳ್ಳಗೆ ಹಾಕಿದರೆ ವಾಟ ತಾನೇ ಬರುತ್ತದೆ ಎನ್ನುವುದು ಅವರ ಲೆಕ್ಕ. ಮೇಲೆ ಸಿಮೆಂಟ್ ಹಾಲು ಬಿಟ್ಟು ನುಣ್ಣಗೆ ತಿಕ್ಕಿಕೊಡುತ್ತಾರಂತೆ, ತೊಳೆಯಲು ಸುಲಭ ಅಂತ. ಒಪ್ಪಿಕೊಳ್ಳಲೇ?

ಉತ್ತರ (ಕಟ್ಟಡ ಗುತ್ತಿಗೆದಾರ, ಮಡಿಕೇರಿ)

ಒಪ್ಪಬೇಡಿ ತಮ್ಮಾ. ಮೂರಕ್ಕೂ ಒಪ್ಪಬೇಡಿ.

ಮೊದಲು ವಾಟದ ವಿಚಾರ. ಐದೂವರೆ ಅಡಿಗೆ ನಾಲ್ಕು ಇಂಚು ಅಂದರೆ ನಿಮ್ಮ ಹಸು ಹಗಲೂ ರಾತ್ರಿ ಇಳಿಜಾರು ರಸ್ತೆಯಲ್ಲಿ ನಿಂತ ಹಾಗೆ. ಮೈಭಾರವೆಲ್ಲ ಹಿಂಗಾಲಿಗೆ ಬೀಳುತ್ತದೆ. ಗಬ್ಬದ ಹಸುಗಳಿಗೆ ಅಂಥ ನೆಲದಲ್ಲಿ ಮೈ ಹೊರಗೆ ಬರುವ (ಯೋನಿಭಾಗ ಹೊರಚಾಚುವ) ಅಪಾಯ ಹೆಚ್ಚು ಎಂದು ಪಶುವೈದ್ಯರೂ ಹೇಳುತ್ತಾರೆ. ಅಡಿಗೆ ಎರಡು ನೂಲು, ಅಂದರೆ ಕಾಲು ಇಂಚು, ಧಾರಾಳ ಸಾಕು. ಐದೂವರೆ ಅಡಿಗೆ ಹನ್ನೊಂದು ನೂಲು, ಒಂದೂಕಾಲು ಇಂಚಿಗಿಂತ ಚೂರು ಜಾಸ್ತಿ. ಹಸುವಿಗೆ ಗೊತ್ತಾಗುವುದಿಲ್ಲ, ಗಂಜಲ ಮಾತ್ರ ನಿಲ್ಲದೆ ಹರಿಯುತ್ತದೆ. ಹಳೇ ಕೊಟ್ಟಿಗೆಯಲ್ಲಿ ನೀರು ನಿಂತದ್ದು ವಾಟ ಕಡಿಮೆಯಾಗಿ ಅಂತ ನೀವು ಅಂದುಕೊಂಡಿದ್ದೀರಿ. ನಾನು ನೋಡಿದ ಹೆಚ್ಚಿನ ಕೊಟ್ಟಿಗೆಗಳಲ್ಲಿ ನೀರು ನಿಲ್ಲುವುದು ನೆಲ ಅಲ್ಲಲ್ಲಿ ತಗ್ಗಾಗಿ. ತಗ್ಗು ಇದ್ದರೆ ನಾಲ್ಕು ಇಂಚು ವಾಟ ಕೊಟ್ಟರೂ ಅಲ್ಲಿ ನೀರು ನಿಲ್ಲುತ್ತದೆ.

ಎರಡನೆಯದು ಬಹಳ ಮುಖ್ಯ. ವಾಟ ಮಣ್ಣಿನಲ್ಲೇ ಬರಬೇಕು. ಸಮತಟ್ಟು ಮಣ್ಣಿನ ಮೇಲೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಹಾಕಿದ ಕಾಂಕ್ರೀಟು ಒಂದೇ ಸಮ ಒಣಗುವುದಿಲ್ಲ, ಒಂದೇ ಸಮ ಕುಗ್ಗುವುದಿಲ್ಲ. ಹಸುವಿನ ಹಿಂಗಾಲು ಬೀಳುವುದು, ಸಗಣಿ ಗಂಜಲ ಬೀಳುವುದು, ಎಲ್ಲ ಆ ತೆಳ್ಳಗಿನ ಕಡೆಯೇ. ಕೆಲಸಕ್ಕೆ ಇಳಿದ ಹೊಸದರಲ್ಲಿ ನಾನೇ ಒಬ್ಬರಿಗೆ ಹೀಗೆ ಮಾಡಿಕೊಟ್ಟಿದ್ದೆ. ಎರಡನೇ ಮಳೆಗಾಲಕ್ಕೆ ಚರಂಡಿ ಅಂಚು ಪೂರ್ತಿ ಬಿಟ್ಟುಹೋಗಿತ್ತು. ಆ ಮನೆಯವರು ಬೈಯಲಿಲ್ಲ, ಕರೆದು ತೋರಿಸಿದರು ಅಷ್ಟೆ. ನನ್ನ ಖರ್ಚಿನಲ್ಲಿ ಕಿತ್ತು ಹಾಕಿಕೊಟ್ಟೆ. ಅಂದಿನಿಂದ ಮಣ್ಣಿನ ವಾಟ ಅಳೆಯದೆ ಒಂದು ಬಾಣಲಿ ಕಾಂಕ್ರೀಟೂ ಹಾಕಿಸಿಲ್ಲ.

ಅಳೆಯುವುದು ಕಷ್ಟವೇನಲ್ಲ. ನೇರವಾದ ನಾಲ್ಕು ಅಡಿ ರೀಪರ್ (ಮರದ ಪಟ್ಟಿ) ತೆಗೆದುಕೊಳ್ಳಿ. ಒಂದು ತುದಿಯ ಅಡಿಗೆ ಒಂದು ಇಂಚಿನ ಮರದ ತುಂಡು ಹೊಡೆಯಿರಿ. ತುಂಡು ಹೊಡೆದ ತುದಿ ಚರಂಡಿ ಕಡೆ ಬರುವಂತೆ ನೆಲದ ಮೇಲಿಟ್ಟು, ರೀಪರ್ ಮೇಲೆ ರಸಮಟ್ಟ ಇಡಿ. ಗುಳ್ಳೆ ನಡುವೆ ನಿಂತರೆ ಅಡಿಗೆ ಎರಡು ನೂಲು ವಾಟ ಬಂತು. ಮಣ್ಣಿಗೂ ಇದೇ ರೀಪರ್, ಜಲ್ಲಿಗೂ ಇದೇ, ಕಾಂಕ್ರೀಟಿಗೂ ಇದೇ.

ಮಣ್ಣಿಗೆ ನೀರು ಚಿಮುಕಿಸಿ ದಿಮ್ಮಸು ಹೊಡೆಯಿರಿ. ಹಿಮ್ಮಡಿ ಊರಿದರೆ ಗುರುತು ಬೀಳಬಾರದು. ಅದರ ಮೇಲೆ ನಾಲ್ಕು ಇಂಚು ದಪ್ಪ ಜಲ್ಲಿ, ಸಂದಿಗೆ ಕ್ವಾರಿ ಪುಡಿ, ಮತ್ತೆ ದಿಮ್ಮಸು. ನಮ್ಮ ಕಡೆ ಜೂನ್ ಬಂತೆಂದರೆ ನೆಲದೊಳಗಿಂದಲೇ ತೇವ ಏರುತ್ತದಲ್ಲ, ಅದಕ್ಕೆ ಜಲ್ಲಿ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟು ಹಾಸಿ. ಆಮೇಲೆ ಎಲ್ಲ ಕಡೆ ಒಂದೇ ಸಮ ನಾಲ್ಕು ಇಂಚು ಕಾಂಕ್ರೀಟು.

ಮಿಶ್ರಣ ಒಂದಕ್ಕೆ ಒಂದೂವರೆ, ಮೂರು. ಒಂದು ಚೀಲ ಸಿಮೆಂಟಿಗೆ ಒಂದೂಕಾಲು ಘನ ಅಡಿಯ ಪೆಟ್ಟಿಗೆಯಲ್ಲಿ ಒಂದೂವರೆ ಪೆಟ್ಟಿಗೆ ಎಂ ಸ್ಯಾಂಡ್, ಮೂರು ಪೆಟ್ಟಿಗೆ 20 ಎಂಎಂ ಜಲ್ಲಿ. ನಿಮ್ಮ ಇಡೀ ನೆಲಕ್ಕೆ 22ರಿಂದ 24 ಚೀಲ ಬೇಕಾದೀತು. ಗಂಜಲ ಸಗಣಿ ತಡೆಯಬೇಕಾದ ನೆಲ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟೇ ಒಳ್ಳೆಯದು. ನೀರು ಚೀಲಕ್ಕೆ 25 ಲೀಟರ್ ಸುಮಾರು, ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಆಳುಗಳು ಎಳೆಯಲು ಸುಲಭ ಅಂತ ನೀರು ಸುರಿಯುತ್ತಾರೆ, ನೀವು ಪಕ್ಕದಲ್ಲೇ ನಿಂತಿರಿ. ನೀರಾದ ಕಾಂಕ್ರೀಟು ಕೆಳಗಡೆಗೆ ಹರಿದು ತಾನೇ ಸಮತಟ್ಟಾಗುತ್ತದೆ, ಕೊಟ್ಟ ವಾಟವೆಲ್ಲ ಹೋಯಿತು. ಚರಂಡಿ ಕಡೆಯಿಂದ ಶುರು ಮಾಡಿ ಗೋದಲಿ ಕಡೆಗೆ ಹಾಕುತ್ತಾ ಹೋಗಿ, ಪಟ್ಟಿಯನ್ನೂ ಮೇಲ್ಮುಖವಾಗಿಯೇ ಎಳೆಯಿರಿ.

24 ಅಡಿಯನ್ನು ಒಂದೇ ಉಸಿರಿಗೆ ಹಾಕಬೇಡಿ. ಎಂಟೆಂಟು ಅಡಿಯ ಮೂರು ಭಾಗ ಮಾಡಿ. ಎರಡು ತುದಿಯ ಭಾಗ ಮೊದಲು, ಅದು ಗಟ್ಟಿಯಾದ ಮೇಲೆ ನಡುವಿನದು. ಎಂಟು ಅಡಿಗೆ ಎರಡು ಹಸು ಲೆಕ್ಕ ಆಗುವುದರಿಂದ ಸಂದು ಹಸುವಿನ ಕಾಲಡಿಗೆ ಬರುವುದಿಲ್ಲ.

ಇನ್ನು ಸಿಮೆಂಟ್ ಹಾಲು. ದಯವಿಟ್ಟು ಬೇಡ. ನುಣುಪು ನೆಲದಲ್ಲಿ ಜಾರಿ ಬಿದ್ದು ಸೊಂಟ ಮುರಿದ ಹಸುವನ್ನು ಮೇಲೆತ್ತಲು ಆರು ಜನ ಒದ್ದಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮತ್ತೆ ಏಳಲಿಲ್ಲ ಅದು. ಮರದ ಮಟ್ಟಗೋಲಿನಲ್ಲಿ ತಿಕ್ಕಿ ಬಿಡಿ. ಕಾಂಕ್ರೀಟು ಬಿಗಿಯಲು ಶುರುವಾದಾಗ ಅರ್ಧ ಇಂಚಿನ ಪೈಪು ಒತ್ತಿ ನಾಲ್ಕು ಇಂಚಿಗೊಂದು ಓರೆ ಗೆರೆ ಹಾಕಿ, ಎರಡೂ ಕಡೆಯಿಂದ, ಸಕ್ಕರೆ ಪಾಕದ ಬರ್ಫಿ ಕೊಯ್ದ ಹಾಗೆ. ಗೊರಸಿಗೆ ಹಿಡಿತ ಸಿಗುತ್ತದೆ, ಗಂಜಲ ಗೆರೆಯಲ್ಲೇ ಇಳಿದುಹೋಗುತ್ತದೆ. ಅಂಚು ಚೂಪಾಗಿ ಉಳಿದರೆ ಗೊರಸು ಸವೆಯುತ್ತದೆ, ಹಸು ಕಟ್ಟುವ ಮೊದಲು ಇಟ್ಟಿಗೆಯಿಂದ ಒಮ್ಮೆ ಉಜ್ಜಿ ಎರಡು ಮೂರು ಸಲ ತೊಳೆಯಿರಿ.

ಕ್ಯೂರಿಂಗ್‌ಗೆ ಈ ನೆಲದ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಕೆಳಗಡೆ ಮಾತ್ರ ನಿಲ್ಲುತ್ತದೆ, ಮೇಲ್ಭಾಗ ಒಣಗುತ್ತದೆ. ಗೋಣಿಚೀಲ ಅಥವಾ ಭತ್ತದ ಹುಲ್ಲು ಹಾಸಿ ಹದಿನಾಲ್ಕು ದಿನ ಒದ್ದೆ ಇಡಿ. ಈ ತಿಂಗಳು ಕೆರೆ ನೀರೆಲ್ಲ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ಹೋಗುತ್ತದೆ, ಗೊತ್ತು. ನೆಲಕ್ಕೆ ದಿನಕ್ಕೆ ನಾಲ್ಕು ಕೊಡ ತೆಗೆದಿಡಿ. ಅದು ಆಗದಿದ್ದರೆ ಕಾಫಿ ಹೂವು ಅರಳಿಸುವ ಹೂಮಳೆ ಬೀಳುವವರೆಗೆ ಕೆಲಸ ಮುಂದೂಡಿ.

ಮರುಪ್ರಶ್ನೆ (ಮಾದಾಪುರದಿಂದ)

ತುಂಬಾ ಉಪಕಾರ ಅಣ್ಣ. ಹಿಂದಿನ ಚರಂಡಿಗೆ ಎಷ್ಟು ವಾಟ? ಹೊರಗೆ ತೋಡು ಹತ್ತಿರವೇ ಇದೆ, ಅಲ್ಲಿಗೆ ಬಿಡಬಹುದಾ?

ಉತ್ತರ

ಚರಂಡಿಗೆ ಅಡಿಗೆ ಒಂದು ನೂಲು. 24 ಅಡಿಗೆ ಮೂರು ಇಂಚು ಇಳಿಯುತ್ತದೆ. ಒಂದು ಅಡಿ ಅಗಲ ಇರಲಿ, ತಳ ದುಂಡಗಿರಲಿ, ಮೂಲೆ ಇದ್ದರೆ ಸಗಣಿ ಕೂರುತ್ತದೆ.

ತೋಡಿಗೆ ಬಿಡಬೇಡಿ. ನಮ್ಮ ತೋಡು ಹೊಳೆ ಸೇರಿ ಕಾವೇರಿಗೇ ಹೋಗುತ್ತದೆ, ಕೆಳಗಿನವರು ಅದೇ ನೀರು ಕುಡಿಯುತ್ತಾರೆ. ಗೊಬ್ಬರದ ಗುಂಡಿಗೋ ಗೋಬರ್ ಗ್ಯಾಸಿಗೋ ತಿರುಗಿಸಿ. ನೀರು ಬೆರೆಸಿ ಮೇವಿನ ಹುಲ್ಲಿಗೆ ಬಿಟ್ಟರೆ ಹುಲ್ಲು ಹೇಗೆ ಬರುತ್ತದೆ ನೋಡಿ. ಆದರೆ ಚಾವಣಿ ನೀರು ಆ ಗುಂಡಿಗೆ ಸೇರಕೂಡದು. 24ಕ್ಕೆ 12ರ ಚಾವಣಿ ಮೇಲೆ 100 ಮಿ.ಮೀ. ಮಳೆ ಬಿದ್ದ ದಿನ ಸುಮಾರು 2,700 ಲೀಟರ್ ನೀರು ಇಳಿಯುತ್ತದೆ. ಅಂಥ ದಿನಗಳು ನಮ್ಮ ಜುಲೈನಲ್ಲಿ ಅಪರೂಪವಲ್ಲ. ಗುಂಡಿ ತುಂಬಿ ಗೊಬ್ಬರವೆಲ್ಲ ತೋಡಿಗೇ ಹೋಗುತ್ತದೆ. ಶೀಟಿನ ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿ ಬೇರೆ ಕಡೆ ಬಿಡಿ.

ಪ್ರಶ್ನೆ (ನಾಪೋಕ್ಲಿನಿಂದ)

ಸಾರ್, ನಮ್ಮದು ಜೀಪ್ ಶೆಡ್. ಬರೆ (ಗುಡ್ಡದ ಇಳಿಜಾರಿನ ಮಣ್ಣು) ಕಡಿದು, ಅದೇ ಮಣ್ಣನ್ನು ಮುಂದಕ್ಕೆ ತುಂಬಿ ಜಾಗ ಮಾಡಿದ್ದು. ಮೂರು ವರ್ಷದ ಹಿಂದೆ ಹಾಕಿದ ನೆಲ ಸರಿಯಾಗಿ ನಡುವೆ ಅಡ್ಡಕ್ಕೆ ಬಿರುಕು ಬಿಟ್ಟಿದೆ, ಬಾಗಿಲ ಕಡೆ ತಗ್ಗಿದೆ. ಈ ಸಲ ಕಬ್ಬಿಣ ಹಾಕಿದರೆ ಸರಿಹೋಗುತ್ತದಾ?

ಉತ್ತರ

ನೀವು ಬರೆದದ್ದರಲ್ಲೇ ಕಾರಣ ಇದೆ ಸಾರ್. ಹಿಂದಿನ ಅರ್ಧ ಕಡಿದ ಗಟ್ಟಿ ನೆಲದ ಮೇಲಿದೆ, ಮುಂದಿನ ಅರ್ಧ ತುಂಬಿದ ಮಣ್ಣಿನ ಮೇಲಿದೆ. ಎರಡೂ ಸೇರುವ ಗೆರೆಯಲ್ಲೇ ಬಿರುಕು ಬಂದಿರುತ್ತದೆ. ಕಬ್ಬಿಣ ಮಣ್ಣು ಕುಸಿಯುವುದನ್ನು ತಡೆಯುವುದಿಲ್ಲ. ಮುಂದಿನ ಅರ್ಧದ ನೆಲ ಕಿತ್ತು, ಸಡಿಲ ಮಣ್ಣು ತೆಗೆದು, ಆರಾರು ಇಂಚಿನ ಪದರವಾಗಿ ನೀರು ಹಾಕಿ ದಿಮ್ಮಸು ಹೊಡೆದು ತುಂಬಿಸಿ. ತುಂಬಿದ ಕಡೆಯ ಹೊರ ಅಂಚಿಗೆ ಕಲ್ಲಿನ ತಡೆಗೋಡೆ ಇಲ್ಲದಿದ್ದರೆ ಅದು ಮೊದಲು. ಒಂದು ಮಳೆಗಾಲ ಹಾಗೇ ಬಿಟ್ಟು ಕೂರಲು ಬಿಟ್ಟರೆ ಇನ್ನೂ ಉತ್ತಮ. ಗಟ್ಟಿ ನೆಲವೂ ತುಂಬಿದ ನೆಲವೂ ಸೇರುವಲ್ಲಿ ಬೇಕೆಂದೇ ಒಂದು ಸಂದು ಕೊಡಿ.

ಜೀಪಿಗೆ ಐದು ಇಂಚು ದಪ್ಪ, ವಾಟ ಬಾಗಿಲ ಕಡೆಗೆ ಅಡಿಗೆ ಒಂದೇ ನೂಲು ಸಾಕು. ಅಂಗಳ ಶೆಡ್ ಕಡೆಗೇ ಇಳಿಯುತ್ತಿದ್ದರೆ ಬಾಗಿಲಿಗೆ ಅಡ್ಡವಾಗಿ ಜಾಲರಿ ಮುಚ್ಚಿದ ಚರಂಡಿ ಮಾಡಲೇಬೇಕು. ಹಿಂದೆ ಬರೆಯ ಬುಡದಲ್ಲೂ ಒಂದು ಚರಂಡಿ ಇರಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವರು ನಾವು, ಬರೆಯೊಳಗೆ ನೀರು ಇಂಗಲು ಬಿಡಬಾರದು. 28 ದಿನ ಆಗುವವರೆಗೆ ಜೀಪ್ ಹತ್ತಿಸಬೇಡಿ.

ಪ್ರಶ್ನೆ (ಶನಿವಾರಸಂತೆಯಿಂದ)

ಅಣ್ಣ, ನಮ್ಮ ಕೊಟ್ಟಿಗೆಗೆ ಹಳೇ ಕಾಂಕ್ರೀಟ್ ನೆಲ ಇದೆ, ವಾಟವೇ ಇಲ್ಲ. ಕೀಳಿಸಲು ದುಡ್ಡಿಲ್ಲ. ಮೇಲೆಯೇ ಗಾರೆ ಎಳೆದು ವಾಟ ಮಾಡಿಸಬಹುದಾ?

ಉತ್ತರ

ಗಾರೆ ಬೇಡ ಅಕ್ಕ, ತೆಳ್ಳಗಿನ ಗಾರೆ ಗೊರಸಿಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಾರೆಯ ಹಿಂಬದಿಯಿಂದ ನೆಲವನ್ನು ತಟ್ಟುತ್ತಾ ಹೋಗಿ. ಡಬಡಬ ಅಂದರೆ ಕೆಳಗೆ ಪೊಳ್ಳು, ಆ ಭಾಗ ಕೀಳಲೇಬೇಕು. ಗಟ್ಟಿ ಸದ್ದು ಬಂದರೆ ಉಳಿಯಲಿ. ಮೇಲ್ಮೈ ಪೂರ್ತಿ ಕಚ್ಚು ಹೊಡೆಸಿ, ಸಗಣಿಯ ಅಂಶ ಒಂದಿಷ್ಟೂ ಉಳಿಯದಂತೆ ತೊಳೆದು, ನೆಲ ಒದ್ದೆ ಇರುವಾಗಲೇ ಸಿಮೆಂಟ್ ನೀರು ಬಳಿದು, ಕೂಡಲೇ ಸಣ್ಣ ಜಲ್ಲಿಯ ಕಾಂಕ್ರೀಟು ಹಾಕಿಸಿ. ಚರಂಡಿ ಅಂಚಿನಲ್ಲೂ ಎರಡು ಇಂಚಿಗೆ ಕಡಿಮೆ ಆಗಬಾರದು. ಹಳೇ ನೆಲದಲ್ಲಿ ಸಂದು ಇದ್ದ ಕಡೆಯೇ ಮೇಲೂ ಸಂದು ಬಿಡಿ.

ಶುರು ಮಾಡುವ ಮೊದಲು ಗೋದಲಿಯ ಎತ್ತರ ನೋಡಿ. ನೆಲ ಮೂರು ಇಂಚು ಏರಿದರೆ ಗೋದಲಿ ಅಷ್ಟೇ ತಗ್ಗುತ್ತದೆ, ಹಸು ಮುಂಗಾಲು ಒಳಗಿಟ್ಟು ಮೇವು ತುಳಿಯುತ್ತದೆ. ಗೋದಲಿ ಅಂಚಿಗೆ ಒಂದು ವರಸೆ ಇಟ್ಟಿಗೆ ಏರಿಸಲು ಮೇಸ್ತ್ರಿಗೆ ಅದೇ ದಿನ ಹೇಳಿಬಿಡಿ.