ನಲವತ್ತು ಚೀಲಕ್ಕೊಂದು ಚೀಲ 200 ಗ್ರಾಂ ಜಾಸ್ತಿ, ಬೋರ್ಡ್ ಮಾತ್ರ ಒಮ್ಮೆಯೂ ರೀಸೆಟ್ ಆಗಿಲ್ಲ

ತೊಗರಿಕಣಜ (ಕಲಬುರಗಿ):

ನಮಸ್ಕಾರ ಎಲ್ಲರಿಗೂ. ನಮ್ಮ ಕಾಕಾನ ದಾಲ್ ಮಿಲ್‌ನಲ್ಲಿ ಬೇಳೆ ತುಂಬುವ ತೂಕದ ಯಂತ್ರಕ್ಕೆ ಕಂಟ್ರೋಲರ್ ನಾನೇ ಕಟ್ಟಿದ್ದೇನೆ. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್, ಅದರ ಮೇಲೆ ಹಲವು ಕೆಲಸಗಳನ್ನು ಪ್ರಯಾರಿಟಿ ನೋಡಿ ಓಡಿಸುವ ಫ್ರೀಆರ್‌ಟಿಒಎಸ್. ತೂಕ ಅಳೆಯುವ ಲೋಡ್ ಸೆಲ್ ಓದಲು ಎಚ್‌ಎಕ್ಸ್711 ಚಿಪ್, ಸೆಕೆಂಡಿಗೆ 80 ರೀಡಿಂಗ್. ಚೀಲ 30 ಕೆಜಿ ಹತ್ತಿರ ಬಂದಾಗ ಗೇಟ್ ಅರ್ಧ ಮುಚ್ಚುತ್ತದೆ, ಸೆಕೆಂಡಿಗೆ ಅರ್ಧ ಕೆಜಿಯಂತೆ ಸಣ್ಣಗೆ ಸುರಿಯುತ್ತದೆ, ಆಮೇಲೆ ಪೂರ್ತಿ ಮುಚ್ಚುತ್ತದೆ.

ಟಾಸ್ಕ್ (ಪ್ರೋಗ್ರಾಂ ಒಳಗಿನ ಬಿಡಿ ಕೆಲಸ) ಮೂರು. ತೂಕ ನೋಡುವುದಕ್ಕೆ ಎಲ್ಲಕ್ಕಿಂತ ಮೇಲಿನ ಪ್ರಯಾರಿಟಿ, ಲೇಬಲ್ ಪ್ರಿಂಟರ್‌ಗೆ ನಡುವಿನದು, ಎಲ್‌ಸಿಡಿಗೆ ಕೆಳಗಿನದು. ಮೂರೂ ಚಿಪ್‌ನ ಒಂದೇ ಕೋರ್ (ಪ್ರೊಸೆಸರ್) ಮೇಲೆ ಓಡುತ್ತವೆ. ತೂಕದ ಅಂಕಿಯನ್ನು ಒಮ್ಮೆಗೆ ಒಂದೇ ಟಾಸ್ಕ್ ಮುಟ್ಟಲಿ ಅಂತ ಒಂದು ಲಾಕ್ ಇದೆ.

ನಲವತ್ತು-ಐವತ್ತು ಚೀಲಕ್ಕೊಂದು 180ರಿಂದ 220 ಗ್ರಾಂ ಜಾಸ್ತಿ ಬರುತ್ತಿದೆ. ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ಬೋರ್ಡ್ ರೀಸೆಟ್ ಮಾಡುವ ವಾಚ್‌ಡಾಗ್ ಹಚ್ಚಿದ್ದೇನೆ, ಅದು ಕಚ್ಚುತ್ತಲೇ ಇಲ್ಲ. ಮೋಟರ್ ಶುರುವಾದಾಗ ವೋಲ್ಟೇಜ್ ಇಳಿಯುತ್ತದೆ ಅಂದುಕೊಂಡು ಬೇರೆ ಸಪ್ಲೈ ಕೊಟ್ಟೆ. ಬಿಸಿಲಿಗೆ ಅಂದುಕೊಂಡು ಫ್ಯಾನ್ ಇಟ್ಟೆ. ಏನೂ ಆಗಲಿಲ್ಲ. ತಮಾಷೆ ಅಂದ್ರೆ, ಒಳಗೆ ಏನಾಗುತ್ತಿದೆ ಅಂತ ಕಂಪ್ಯೂಟರ್‌ಗೆ ಸಾಲು ಕಳಿಸುವ ಸೀರಿಯಲ್ ಪ್ರಿಂಟ್ ಹಾಕಿದ ದಿನ ತೊಂದರೆನೇ ಬರಲ್ಲ!

ಭೀಮಾತೀರ (ಯಾದಗಿರಿ):

ಲೋಡ್ ಸೆಲ್ ಕೆಳಗೆ ಬೇಳೆ ನುಚ್ಚು ಸಿಕ್ಕಿರಬಹುದು, ಒಮ್ಮೆ ಊದಿ ನೋಡ್ರಿ.

ತೊಗರಿಕಣಜ:

ಎರಡು ಸಲ ಬಿಚ್ಚಿ ಒರೆಸಿದ್ದೇನೆ ಅಣ್ಣಾ.

ಬಿದ್ರಿಬೋರ್ಡ್ (ಬೀದರ್):

ಸೀರಿಯಲ್ ಪ್ರಿಂಟ್ ಹಾಕಿದರೆ ಮಾಯ ಆಗುತ್ತದೆ ಅಂದ್ರಲ್ಲ, ಸುಳಿವು ಅಲ್ಲೇ ಇದೆ. ಪ್ರಿಂಟ್ ಹಾಕಿದಾಗ ಟೈಮಿಂಗ್ ಬದಲಾಗುತ್ತದೆ. ಅಂದರೆ ಇದು ತೂಕದ ತಪ್ಪಲ್ಲ, ಹೊತ್ತಿನ ತಪ್ಪು.

ವಾಚ್‌ಡಾಗ್ ನೋಡುವುದು ಟಾಸ್ಕ್ ಬದುಕಿದೆಯೋ ಇಲ್ಲವೋ ಅಂತ ಮಾತ್ರ. ಇಎಸ್‌ಪಿ32ರಲ್ಲಿ ಟಾಸ್ಕ್ ವಾಚ್‌ಡಾಗ್‌ಗೆ ಮೊದಲೇ ಇಟ್ಟಿರುವ ಗಡುವು 5 ಸೆಕೆಂಡ್. ನಿಮ್ಮ ಗೇಟ್ ಅರ್ಧ ಸೆಕೆಂಡ್ ತಡವಾದರೂ ಕಾಲು ಕೆಜಿ ಹೋಯಿತು. ವಾಚ್‌ಡಾಗ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಹೀಗೆ ಮಾಡಿ. ತೂಕದ ಟಾಸ್ಕ್ ಪ್ರತಿ ಸುತ್ತಿನ ಶುರುವಿನಲ್ಲಿ ಮೈಕ್ರೋಸೆಕೆಂಡ್ ಟೈಮರ್ ಓದಲಿ, ಹಿಂದಿನ ಸುತ್ತಿಗೂ ಈಗಿನದಕ್ಕೂ ಎಷ್ಟು ಅಂತರ ಅಂತ ನೋಡಲಿ. ಸರಿಯಿದ್ದರೆ 12.5 ಮಿಲಿಸೆಕೆಂಡ್ ಸುತ್ತಮುತ್ತ ಇರಬೇಕು. 25 ದಾಟಿದರೆ ಆ ಹೊತ್ತು, ಅಂತರ, ಆಗ ಲಾಕ್ ಯಾರ ಕೈಯಲ್ಲಿತ್ತು, ಇಷ್ಟನ್ನು ರ್‍ಯಾಮ್‌ನಲ್ಲಿ 64 ಸಾಲಿನ ರಿಂಗ್ ಬಫರ್‌ಗೆ (ತುಂಬಿದರೆ ಹಳೆಯ ಸಾಲಿನ ಮೇಲೇ ಬರೆಯುವ ಪಟ್ಟಿ) ಬರೆಯಿರಿ. ಅಲ್ಲೇ ಪ್ರಿಂಟ್ ಮಾಡಬೇಡಿ, ಮತ್ತೆ ಮಾಯ ಆದೀತು. ಚೀಲ ಬದಲಿಸುವಾಗ ಗೇಟ್ ಮುಚ್ಚಿರುತ್ತದಲ್ಲ, ಆಗ ಹೊರಗೆ ಹಾಕಿ.

ತೊಗರಿಕಣಜ:

ನಿನ್ನೆ ದಿನವಿಡೀ ಓಡಿಸಿದೆ. ಎಲ್ಲಾ 12, 13. ನಡುವೆ ನಾಲ್ಕು ಸಾಲು ಮಾತ್ರ ಹೀಗೆ: 362, 410, 388, 405. ನಾಲ್ಕರಲ್ಲೂ ಲಾಕ್ ಇದ್ದದ್ದು ಎಲ್‌ಸಿಡಿ ಟಾಸ್ಕ್ ಕೈಯಲ್ಲಿ. ಆದರೆ ಎಲ್‌ಸಿಡಿ ಬರೆಯಲು ಅಷ್ಟು ಹೊತ್ತು ಬೇಕಾಗಲ್ಲ, ಅಲ್ವಾ?

ಬಿದ್ರಿಬೋರ್ಡ್:

410 ಮಿಲಿಸೆಕೆಂಡಿಗೆ ಸುಮಾರು 205 ಗ್ರಾಂ. ನಿಮ್ಮ ಜಾಸ್ತಿ ಬೇಳೆ ಸಿಕ್ಕಿತು ನೋಡಿ.

ಲಾಕ್‌ಗೆ ಬೈನರಿ ಸೆಮಾಫೋರ್ (ಹಿಡಿದವನ ಪ್ರಯಾರಿಟಿ ಬದಲಿಸದ ಸರಳ ಲಾಕ್) ಹಾಕಿದ್ದೀರಾ? ಪ್ರಿಂಟರ್ ಟಾಸ್ಕ್ ರೆಡಿ ಸಿಗ್ನಲ್‌ಗಾಗಿ ಸುಮ್ನೆ ವೈಲ್ ಲೂಪ್‌ನಲ್ಲಿ ಸುತ್ತುತ್ತಾ ಇರುತ್ತದಾ?

ತೊಗರಿಕಣಜ:

ಎರಡಕ್ಕೂ ಹೌದು 🙈

ಬಿದ್ರಿಬೋರ್ಡ್:

ಹಾಗಾದರೆ ಆಗುತ್ತಿರುವುದು ಇಷ್ಟೇ. ಎಲ್‌ಸಿಡಿ ಲಾಕ್ ಹಿಡಿದಿರುತ್ತದೆ. ಪ್ರಿಂಟರ್ ಅದಕ್ಕಿಂತ ಮೇಲಿನದು, ನಡುವೆ ಬಂದು ಕೋರ್ ಕಿತ್ತುಕೊಂಡು ಸುತ್ತುತ್ತದೆ. ಎಲ್‌ಸಿಡಿಗೆ ಲಾಕ್ ಬಿಡಲು ಪುರುಸೊತ್ತೇ ಸಿಗಲ್ಲ. ಎಲ್ಲರಿಗಿಂತ ಮೇಲಿರುವ ತೂಕದ ಟಾಸ್ಕ್ ಬಾಗಿಲಲ್ಲೇ ನಿಂತಿರುತ್ತದೆ. ಇದಕ್ಕೆ ಪ್ರಯಾರಿಟಿ ಇನ್ವರ್ಶನ್ ಅಂತಾರೆ. 1997ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ನಾಸಾದ ಪಾತ್‌ಫೈಂಡರ್ ನೌಕೆಗೂ ಇದೇ ಕಾಟ. ಅಲ್ಲಿ ಗಡುವು ತಪ್ಪಿದಾಗಲೆಲ್ಲ ಕಂಪ್ಯೂಟರ್ ರೀಸೆಟ್ ಆಗುತ್ತಿತ್ತು. ಇಲ್ಲಿ ಭೂಮಿಯಲ್ಲಿದ್ದ ಜೋಡಿ ಯಂತ್ರಕ್ಕೆ ಟ್ರೇಸ್ ಹಚ್ಚಿಯೇ ಕಾರಣ ಹಿಡಿದರು.

ಸೆಮಾಫೋರ್ ತೆಗೆದು ಮ್ಯೂಟೆಕ್ಸ್ ಹಾಕಿ. ಫ್ರೀಆರ್‌ಟಿಒಎಸ್ ಮ್ಯೂಟೆಕ್ಸ್ ಆದರೆ, ಲಾಕ್ ಹಿಡಿದವನಿಗೆ ಅಷ್ಟು ಹೊತ್ತು ಕಾಯುವವನ ಪ್ರಯಾರಿಟಿಯೇ ಸಿಗುತ್ತದೆ. ಪ್ರಿಂಟರ್ ಲೂಪ್‌ನಲ್ಲಿ ಒಂದು ಡಿಲೇ ಕೊಡಿ. ಎಲ್‌ಸಿಡಿ ಲಾಕ್ ಹಿಡಿದು ತೂಕ ಕಾಪಿ ಮಾಡಿಕೊಳ್ಳಲಿ ಸಾಕು, ಪರದೆಗೆ ಬರೆಯುವುದು ಲಾಕ್ ಬಿಟ್ಟ ಮೇಲೆ. ಅಂತರ ನೋಡುವ ಕಾವಲಿನ ಕೋಡ್ ಮಾತ್ರ ತೆಗೆಯಬೇಡಿ. 25 ದಾಟಿದರೆ ಬಜರ್ ಹೊಡೆದು ಮುಂದಿನ ಚೀಲ ನಿಲ್ಲಿಸಲಿ. ಹಾಗೇ ಟಾಸ್ಕ್‌ಗಳ ಸ್ಟ್ಯಾಕ್‌ನಲ್ಲಿ (ಪ್ರತಿ ಟಾಸ್ಕ್‌ಗೆ ಕೊಟ್ಟಿರುವ ಮೆಮೊರಿ) ಕನಿಷ್ಠ ಎಷ್ಟು ಉಳಿದಿತ್ತು ಅಂತಲೂ ಒಮ್ಮೆ ನೋಡಿ.

ತೊಗರಿಕಣಜ:

ಮೂರು ದಿನ ಆಯಿತು, ಅಂತರ ಗರಿಷ್ಠ 14. ಪ್ರಿಂಟರ್ ಟಾಸ್ಕ್ ಸ್ಟ್ಯಾಕ್‌ನಲ್ಲಿ 120 ಬೈಟ್ ಮಾತ್ರ ಉಳಿದಿತ್ತು, ಅದನ್ನೂ ದೊಡ್ಡದು ಮಾಡಿದೆ. ಚೀಲದ ಲೆಕ್ಕ ನೋಡಿ ಕಾಕಾ ಚಹಾ ತರಿಸಿದರು.

ಆದರೆ ಇವತ್ತು ಬೆಳಿಗ್ಗೆ ಒಮ್ಮೆ ಬಜರ್ ಹೊಡೆಯಿತು: 31. ಲಾಕ್ ಯಾರ ಕೈಯಲ್ಲೂ ಇರಲಿಲ್ಲ. ಆ ಹೊತ್ತಿಗೆ ನಾನು ಬಟನ್ ಒತ್ತಿ ಕ್ಯಾಲಿಬ್ರೇಶನ್ ಸೇವ್ ಮಾಡಿದ್ದೆ.

ಬಿದ್ರಿಬೋರ್ಡ್:

ಅದು ಫ್ಲ್ಯಾಶ್, ಕರೆಂಟ್ ಹೋದರೂ ಅಳಿಯದ ಮೆಮೊರಿ. ಇಎಸ್‌ಪಿ32 ಫ್ಲ್ಯಾಶ್‌ಗೆ ಬರೆಯುವಾಗ ಫ್ಲ್ಯಾಶ್‌ನಿಂದ ಓಡುವ ಕೋಡ್ ಎರಡೂ ಕೋರ್‌ನಲ್ಲಿ ನಿಲ್ಲುತ್ತದೆ. ಗೇಟ್ ಮುಚ್ಚಿದ್ದಾಗ ಮಾತ್ರ ಸೇವ್ ಆಗುವ ಹಾಗೆ ಬಟನ್ ಕಟ್ಟಿಹಾಕಿ.

ತೊಗರಿಕಣಜ:

ಕಟ್ಟಿದೆ. ಚೀಲ ತುಂಬುವಾಗ ಹತ್ತು ಸಲ ಒತ್ತಿ ನೋಡಿದೆ, 13 ದಾಟಿಲ್ಲ.